ಉದ್ಗೀರಿನ ಮುನ್ಸಿಫರ ಮುಂದೆ ನನ್ನ ರೇಡಿಯೊ

ನಿಲಂಗಾದ ನಮ್ಮ ಮನೆಗೆ ರೇಡಿಯೊ ಬಂದದ್ದು ನನ್ನ ಹೋರಿ ಮಾರಿದ ದುಡ್ಡಿನಿಂದ. ಮದುವೆಯಾದ ವರ್ಷ ದೇವಣಿಯ ತವರಿನವರು ನನಗೆಂದೇ ಒಂದು ಕರು ಕೊಟ್ಟಿದ್ದರು. ಅದನ್ನು ಬೆಳೆಸಿದವಳು ನಾನು. ಮಾರಿದಾಗ ಎಲ್ಲರೂ ಬಂಗಾರ ಮಾಡಿಸಿಕೋ ಎಂದರು. ಆದರೆ ಉಮರ್ಗಾದಲ್ಲಿ ನಾದಿನಿಯ ಮನೆಗೆ ಹೋದಾಗ ನಾನೊಮ್ಮೆ ರೇಡಿಯೊ ಕೇಳಿದ್ದೆ. ಯಾವುದೋ ಊರಿನ ಹೆಂಗಸು, ಮುಖ ಕಾಣದವಳು, ಎದೆ ತುಂಬಿ ಹಾಡುತ್ತಿದ್ದಳು. ಪಡಸಾಲೆಯ ಗಂಡಸರೆಲ್ಲ ತೆಪ್ಪಗೆ ಕೂತು ಕೇಳುತ್ತಿದ್ದರು. ನನಗೆ ಅದೇ ಬೇಕಾಗಿತ್ತು.

ಉದ್ಗೀರಿನ ಪೇಟೆಯ ಒಂದು ಅಂಗಡಿಯಲ್ಲಿ ಕೊಂಡೆವು. ಅಂಗಡಿಯ ಆಳು ಬಂದು ಬೇವಿನ ಮರದಿಂದ ಮಾಳಿಗೆಯವರೆಗೆ ತಂತಿ ಕಟ್ಟಿ, ಬ್ಯಾಟರಿ ಜೋಡಿಸಿ ಹೋದ. ಆ ಸಂಜೆ ಕಾಲು ತಾಸು ಚೆನ್ನಾಗಿ ಹಾಡಿತು. ಆಮೇಲೆ ದನಿ ಸಣ್ಣಗಾಗುತ್ತ ಹೋಗಿ, ಬರೀ ಬಾಣಲೆಯಲ್ಲಿ ಎಣ್ಣೆ ಕಾದಂಥ ಸದ್ದು ಉಳಿಯಿತು. ಆರಿಸಿ, ತಣ್ಣಗಾಗಲು ಬಿಟ್ಟು ಮತ್ತೆ ಹಚ್ಚಿದರೆ ಮತ್ತೆ ಕಾಲು ತಾಸು. ಬ್ಯಾಟರಿ ಬದಲಿಸಿದರೂ ಅದೇ ಕತೆ.

ಬಂಡಿಯಲ್ಲಿ ಹಾಕಿಕೊಂಡು ಅಂಗಡಿಗೆ ಒಯ್ದೆವು. ಮಾಲೀಕ ಹಚ್ಚಿದ, ಹಾಡು ಬಂತು, ಎರಡು ನಿಮಿಷಕ್ಕೆ ಆರಿಸಿ, ದೋಷ ನಮ್ಮ ಮನೆಯ ತಂತಿಯಲ್ಲಿದೆ ಎಂದ. ಎರಡನೆಯ ಸಲವೂ ಹಾಗೇ ಮಾಡಿದ. ಮೂರನೆಯ ಸಲ ಅವನ ಮಾತಿನ ಮರ್ಯಾದೆಯೂ ತೀರಿತು.

“ಹೆಂಗಸರು ಕೈ ಹಚ್ಚೋ ಚೀಜ್ ಅಲ್ಲ ಇದು, ಬಾಯಿ. ಮಾರಿದ ಮಾಲು ವಾಪಸ್ ಇಲ್ಲ.”

ಬರುವಾಗ ದಾರಿಯುದ್ದಕ್ಕೂ ನನ್ನ ಗಂಡ ಸಮಾಧಾನ ಹೇಳಿದರು. ಒಳ್ಳೆಯ ಮನುಷ್ಯ, ಆದರೆ ಕಚೇರಿ ಎಂದರೆ ಅಂಜಿಕೆ. ಕೋರ್ಟಿನ ಮೆಟ್ಟಿಲು ಹತ್ತಿದವರ ಮನೆ ಉಳಿದದ್ದಿಲ್ಲ ಎಂದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ನಾ ಮಾರಿದ ಹೋರಿ ಕುಂಟ ಇರಲಿಲ್ಲ,” ಎಂದೆ. “ಅಂವಾ ಕೊಟ್ಟ ಡಬ್ಬಿ ಯಾಕ ಕುಂಟ ಇರಬೇಕು?”

ಉದ್ಗೀರಿನ ಒಬ್ಬ ಮುದಿ ವಕೀಲರ ಬಳಿಗೆ ಹೋದೆವು. ಕಾಗದ ಏನಾದರೂ ಇದೆಯೇ ಎಂದು ಕೇಳಿದರು. ಪೆಟ್ಟಿಗೆಯೊಳಗಿದ್ದ ಅಚ್ಚಿನ ಹಾಳೆಯನ್ನು ನಾನು ಜೋಪಾನವಾಗಿ ಇಟ್ಟಿದ್ದೆ. ಇಂಗ್ಲಿಷಿನಲ್ಲಿದ್ದ ಅದನ್ನು ನಮ್ಮ ಮನೆಯಲ್ಲಿ ಓದಬಲ್ಲವರಿರಲಿಲ್ಲ. ವಕೀಲರು ಕನ್ನಡಕ ಏರಿಸಿ ಓದಿದರು. ವರ್ಷದೊಳಗೆ ತಾನಾಗಿ ಕೆಟ್ಟರೆ ಮಾರಿದವನು ರಿಪೇರಿ ಮಾಡಿಕೊಡಬೇಕು, ಆಗದಿದ್ದರೆ ಬೇರೆ ಕೊಡಬೇಕು ಎಂದಿತ್ತು. ಹಿಂದೆ ಅಂಗಡಿಯ ಮೊಹರೂ ಇತ್ತು. ಮೊದಲು ರಿಜಿಸ್ಟರ್ ಟಪಾಲಿನಲ್ಲಿ ನೋಟೀಸು ಕೊಡೋಣ, ಅದಕ್ಕೂ ಬಗ್ಗದಿದ್ದರೆ ದಾವೆ ಹೂಡೋಣ ಎಂದರು. ಮಾಲೀಕ ನೋಟೀಸನ್ನು ತೆಗೆದುಕೊಳ್ಳಲೇ ಇಲ್ಲ. ‘ನಿರಾಕರಿಸಿದ್ದಾರೆ’ ಎಂಬ ಅಂಚೆಯವನ ಬರಹದೊಂದಿಗೆ ಅದು ಮರಳಿ ಬಂದಾಗ ವಕೀಲರು ಹಿಗ್ಗಿದರು. ನಮ್ಮ ಸಾಕ್ಷಿಯನ್ನು ಅವನೇ ಕಳಿಸಿದ್ದಾನೆ ಎಂದರು.

ದಾವೆ ಹೂಡಿದೆವು. ವಿಚಾರಣೆಯ ಎರಡು ಪೇಶಿಗೆ ಮಾಲೀಕ ಬರಲಿಲ್ಲ. ಮೂರನೆಯದಕ್ಕೆ ಬಂದು, ಹೆಂಗಸರು ರೇಡಿಯೊದ ಗುಂಡಿಯ ಕಿವಿ ತಿರುವಿ ತಿರುವಿ ಕೆಡಿಸಿದ್ದಾರೆ ಎಂದು ತನ್ನ ವಕೀಲನಿಂದ ಹೇಳಿಸಿದ. ರೇಡಿಯೊವನ್ನೇ ತಂದು ಹಚ್ಚಿರಿ ಎಂದು ಮುನ್ಸಿಫರು ಹುಕುಂ ಮಾಡಿದರು.

ಕೋರ್ಟಿನಲ್ಲೇ ತಂತಿ ಕಟ್ಟಿ ಹಚ್ಚಿದ ದಿನ ಮಧ್ಯಾಹ್ನ ಯಾವುದೋ ದೂರದ ಕೇಂದ್ರದಿಂದ ಸಿತಾರು ಬರುತ್ತಿತ್ತು. ಎಷ್ಟು ಸ್ವಚ್ಛ ಬಂತೆಂದರೆ, ಜವಾನರೆಲ್ಲ ಬಾಗಿಲಿಗೆ ಮುತ್ತಿಕೊಂಡರು. ಮಾಲೀಕ ಮೀಸೆಯಲ್ಲೇ ನಗುತ್ತಿದ್ದ. ಐದು ನಿಮಿಷವಾಗುತ್ತಲೇ ಅವನ ವಕೀಲ ಎದ್ದು, ಇನ್ನು ನೋಡುವುದೇನಿದೆ ಎಂದ. ಮುನ್ಸಿಫರು ಬೇರೆ ಕಡತಕ್ಕೆ ಕೈ ಹಾಕಿದರು. ನಮ್ಮ ವಕೀಲರು ನನಗೆ ಸುಮ್ಮನಿರಲು ಸನ್ನೆ ಮಾಡಿದರು. ನಾನು ಎದ್ದು ನಿಂತೆ.

“ಬಂದ್ ಮಾಡಬ್ಯಾಡ್ರಿ, ಸಾಹೇಬರ. ಅಂಗಡ್ಯಾಗೂ ಇವರು ಹಿಂಗೇ ಮಾಡ್ಯಾರ. ಕಾಲು ತಾಸು ಹಾಡಲಿ. ಹಾಡಿತಂದ್ರ, ನಾ ಸುಳ್ಳಿ ಅಂತ ಬರಕೋರಿ.”

ಆಗ ನಮ್ಮ ಕಡೆ ಕೋರ್ಟಿನ ಭಾಷೆ ಉರ್ದು. ಗುಮಾಸ್ತ ಅದನ್ನು ಮುನ್ಸಿಫರಿಗೆ ಉರ್ದುವಿನಲ್ಲಿ ಹೇಳುವಾಗ, ಈ ಹೆಂಗಸು ಅರಿಕೆ ಮಾಡಿಕೊಳ್ಳುತ್ತಿದ್ದಾಳೆ ಎಂದ. ಅಷ್ಟು ಉರ್ದು ನನಗೂ ತಿಳಿಯುತ್ತಿತ್ತು.

“ಅರಿಕಿ ಅಲ್ರಿ,” ಎಂದೆ. “ಹಕ್ ಅದ ನಂದು.”

ಮುನ್ಸಿಫರು ನನ್ನನ್ನು ನೋಡಿದರು. ಕಡತ ಮುಚ್ಚಿ, ಗೋಡೆಯ ಗಡಿಯಾರ ನೋಡಿ, ಕುರ್ಚಿಗೆ ಒರಗಿದರು.

ಆ ಹೊತ್ತು ನನಗೆ ನೆನಪಿರುವಷ್ಟು ನನ್ನ ಮದುವೆಯೂ ನೆನಪಿಲ್ಲ. ಸಿತಾರು ನಿಲ್ಲದೆ ಹರಿಯುತ್ತಿತ್ತು. ಇಂದೊಂದು ದಿನ ಈ ಡಬ್ಬಿ ಸರಿಯಾಗಿ ಹಾಡಿಬಿಟ್ಟರೆ ಎಂದು ಅಂಜಿದೆ. ನನ್ನದೇ ರೇಡಿಯೊ ಕೆಡಲಿ ಎಂದು ನಾನೇ ಶಿವನನ್ನು ಬೇಡಿಕೊಂಡೆ. ಗಡಿಯಾರದ ಮುಳ್ಳು ಕಾಲು ತಾಸು ದಾಟಿತು. ಏನೂ ಆಗಲಿಲ್ಲ. ಮಾಲೀಕ ಗಟ್ಟಿಯಾಗಿಯೇ ನಕ್ಕ. ಆ ನಗೆ ಮುಗಿಯುವ ಮೊದಲೇ ಸಿತಾರಿನ ದನಿ ತೆಳ್ಳಗಾಯಿತು. ಆಮೇಲೆ ಬರೀ ಚುರುಚುರು ಸದ್ದು. ಅವನು ಓಡಿಬಂದು ಕಿವಿ ತಿರುವಲು ಹೋದ. ಕೈ ತೆಗೆ ಎಂದರು ಮುನ್ಸಿಫರು.

ಹೊಸ ರೇಡಿಯೊ ಕೊಡಬೇಕು, ಇಲ್ಲವೆ ಪಡೆದ ಹಣ ಹಿಂದಿರುಗಿಸಬೇಕು ಎಂದು ತೀರ್ಪಾಯಿತು. ಅಂಗಳದಲ್ಲಿ ಮಾಲೀಕ, ಬೀದರಿಗೆ ಅಪೀಲು ಹೋಗುತ್ತೇನೆ ಎಂದು ಕೂಗಿದ. ಬೀದರಿಗೂ ಇದನ್ನು ಹೊತ್ತುಕೊಂಡೇ ಬರುತ್ತೇನೆ ಎಂದೆ ನಾನು. ಅವನು ಹೋಗಲಿಲ್ಲ.

ಸುಗ್ಗಿ ಮುಗಿಯುವ ಹೊತ್ತಿಗೆ ಅವನ ಆಳು ಹೊಸ ರೇಡಿಯೊ ತಂದ. ಜೋಡಿಸಿ, ಸಹಿ ಹಾಕಿರಿ ಎಂದು ರಸೀದಿ ಚಾಚಿದ. ನನ್ನ ಗಂಡ ಅವನಿಗೆ ಚಾಪೆ ಹಾಸಿದರು.

“ಆಕಿ ಹೂಂ ಅನ್ನೋತನ ಏಳಬ್ಯಾಡಪ್ಪ,” ಎಂದರು.

ರೊಟ್ಟಿ ಪಲ್ಯ ತಿಂದು ಅವನು ಎರಡು ತಾಸು ಕೂತ. ರೇಡಿಯೊದ ದನಿ ಕುಂದಲಿಲ್ಲ. ಆಮೇಲೆ ಆ ಉರ್ದು ರಸೀದಿಯ ಕೆಳಗೆ ನಾನು ಕನ್ನಡದಲ್ಲಿ ನನ್ನ ಹೆಸರು ಬರೆದೆ, ದೊಡ್ಡ ಅಕ್ಷರದಲ್ಲಿ.