ಒಂದು ನಿಮಿಷ ಬಿಟ್ಟು ಓಡುವ ಮೋಟರ್

ಮಗಳ ತೊಟ್ಟಿಲು ತಾನಾಗಿ ತೂಗಲಿ ಎಂದು ಚಿಕ್ಕ ಮೋಟರ್ ಕಟ್ಟಿ, ಸ್ವಿಚ್ ಹಾಕಿದ ಒಂದು ನಿಮಿಷಕ್ಕೆ ಅದು ಓಡುವ ಹಾಗೆ ಕೋಡಿನಲ್ಲಿ ಟೈಮರ್ ಬರೆದೆ. ಬಿಸಿಯಾದ ಗ್ರೀಸಿನ ವಾಸನೆ ಬಂತು ನೋಡಿ, ಹಾಗಲವಾಡಿಯ ನಮ್ಮ ತೋಟದ ಪಂಪ್‌ಮನೆ ಕಣ್ಣ ಮುಂದೆ ನಿಂತಿತು.

ಅಲ್ಲಿನ ಆಟೋ ಸ್ಟಾರ್ಟರ್ ಕೂಡ ಹೀಗೇ, ಕರೆಂಟ್ ಬಂದು ಒಂದು ನಿಮಿಷ ಬಿಟ್ಟು ಮೋಟರ್ ಓಡಿಸುತ್ತಿತ್ತು. ನಾನು ಚಿಕ್ಕವಳಿದ್ದಾಗ ಒಂದು ದಿನ ಕರೆಂಟ್ ಹೋದಾಗ ಅಪ್ಪ ಮೋಟರಿನ ಬೆಲ್ಟ್ ಸರಿಮಾಡಲು ಬಗ್ಗಿದ.

"ಆಟೋ ಆಫ್ ಮಾಡಿದ್ಯೇನವ್ವಾ?"

"ಹೂಂ ಕಣಪ್ಪ."

ಮಾಡಿರಲಿಲ್ಲ. ಕರೆಂಟೇ ಇಲ್ಲವಲ್ಲ, ಏನಾದೀತು ಅಂದುಕೊಂಡಿದ್ದೆ.

ಬಲ್ಬ್ ಹತ್ತಿತು. ಮೋಟರ್ ಮಾತ್ರ ಸುಮ್ಮನಿತ್ತು. ನಾನು ಆಫ್ ಮಾಡಿದ್ದೇನೆಂದೇ ನಂಬಿ ಅಪ್ಪ ಬೆಲ್ಟಿಗೆ ಕೈ ಹಾಕಿದ. ಸುಳ್ಳು ಬಯಲಾದೀತೆಂದು ನಾನು ಬಾಯಿ ಬಿಡಲಿಲ್ಲ.

ನಿಮಿಷ ಕಳೆದದ್ದೇ ಮೋಟರ್ ಓಡಿತು, ಅಪ್ಪನ ತೋರುಬೆರಳಿನ ತುದಿ ಹೋಯಿತು. ಓಡಿಬಂದ ಅಮ್ಮನಿಗೆ ಅಪ್ಪ ಹೇಳಿದ್ದು ಇಷ್ಟೇ: "ನಾನೇ ಮರ್ತೆ ಕಣೇ. ಮಗೀನ ಬೈಬೇಡ ಬುಡು."

ಇವತ್ತು ತೊಟ್ಟಿಲ ಸಂದಿಯಿಂದ ಮಗಳ ಬೆರಳುಗಳು ಹೊರಗೆ ಬಂದಿದ್ದವು. ಟೈಮರ್ ರದ್ದು ಮಾಡುವ ಸಾಲು ಬರೆದು ಮೂರು ಸಲ ನೋಡಿದೆ. ಧೈರ್ಯ ಬರಲಿಲ್ಲ, ಪ್ಲಗ್ಗನ್ನೇ ಕಿತ್ತೆ.

ಮೊಮ್ಮಗಳನ್ನು ನೋಡಲು ತುಮಕೂರಿಗೆ ಬಂದಿದ್ದ ಅಪ್ಪ ಕೇಳಿದ: "ಯಾಕವ್ವಾ ಕಿತ್ತೆ, ಚೆನ್ನಾಗೇ ಓಡ್ತಿತ್ತಲ್ಲ?"

ನಾನು ತೊಟ್ಟಿಲ ಹಗ್ಗ ಹಿಡಿದೆ. ಇನ್ನೊಂದು ತುದಿಯನ್ನು ಅಪ್ಪನ ಮೊಂಡುಬೆರಳು ಹಿಡಿದುಕೊಂಡಿತು.