ಎರಡು ಪಾಠಕ್ಕೆ ಬೇಯುವ ನುಚ್ಚು

ನಲವತ್ತು ದಾಟಿದ ಗಂಡಸು, ಮೂಗಿನ ಮೇಲೆ ಚಾಳೀಸು, ಮೂಗಿನ ಕೆಳಗೆ ಮೀಸೆ, ಕಚೇರಿಯಲ್ಲಿ ಗುಮಾಸ್ತಿಕೆ. ಇಂಥವನು ಇಪ್ಪತ್ತು ವರ್ಷದ ಹೆಂಡತಿಯ ಪಾತ್ರ ಮಾಡುತ್ತಿದ್ದ ಎಂದರೆ ಈಗಿನವರು ನಂಬಲಿಕ್ಕಿಲ್ಲ. ಮಾಡುತ್ತಿದ್ದವನು ನಾನೇ, ನನಗೂ ಪೂರ್ತಿ ನಂಬಿಕೆಯಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಬಳ್ಳಾರಿಗೆ ನಾಟಕದ ಹುಚ್ಚು ಹಿಡಿದಿತ್ತು. ವಕೀಲರು, ಮೇಷ್ಟರು, ಅರಳೆ ವ್ಯಾಪಾರಿಗಳು, ಎಲ್ಲರೂ ಸಂಜೆಯಾದರೆ ಯಾವುದೋ ಒಂದು ರಾಜ್ಯದ ರಾಜರಾಗುತ್ತಿದ್ದರು. ಹೆಣ್ಣು ಪಾತ್ರಕ್ಕೆ ಹೆಂಗಸರನ್ನು ಕರೆಯುವ ಮಾತೇ ಇರಲಿಲ್ಲ. ನಾನು ಕುಳ್ಳ, ದನಿ ತೆಳು, ಯಾರಾದರೂ ಗದರಿದರೆ ತಲೆ ತಗ್ಗಿಸುವವನು. ಹೆಣ್ಣಾಗಲು ಇಷ್ಟು ಸಾಕು ಎಂದು ಮಂಡಳಿಯವರು ತೀರ್ಮಾನಿಸಿದರು.

ತೊಡಕಾದದ್ದು ಮೀಸೆ. ನಮ್ಮಲ್ಲಿ ತಂದೆ ಬದುಕಿರುವಾಗ ಮಗ ಮೀಸೆ ತೆಗೆಯುವುದಿಲ್ಲ. ಬೋಳಿಸಿಕೊಂಡು ಬೀದಿಗೆ ಬಂದರೆ "ಅಪ್ಪ ಯಾವಾಗ ಹೋದ್ರು?" ಎಂದು ಕೇಳುತ್ತಾರೆ. ನನ್ನ ಅಪ್ಪ ಕುರುಗೋಡಿನಲ್ಲಿ ಗಟ್ಟಿಮುಟ್ಟಾಗಿ ಬೇಸಾಯ ಮಾಡಿಕೊಂಡಿದ್ದರು. ಹಾಗಾಗಿ ನಮ್ಮ ವೇಷಗಳನ್ನು ಹೊಲಿಯುತ್ತಿದ್ದ ಗೆಳೆಯ, ಕೌಲ್‌ಬಜಾರಿನ ದರ್ಜಿ, ಅಕ್ಕಿಗಂಜಿಯಿಂದ ನನ್ನ ಮೀಸೆಯನ್ನು ತುಟಿಗೆ ಅಂಟಿಸಿ ಮೇಲೆ ಬಿಳಿ ಬಣ್ಣ ಬಳಿಯುತ್ತಿದ್ದ. ನಾಟಕದಲ್ಲಿ ನನ್ನ ಗಂಡನೂ ಅವನೇ. "ಅಣ್ಣಾ, ನಗಬ್ಯಾಡ, ಗಂಜಿ ಬಿರೀತೈತಿ" ಎಂದು ಪ್ರತಿ ಸಲ ಎಚ್ಚರಿಸುತ್ತಿದ್ದ. ನಾನು ತುಟಿ ಬಿಗಿಹಿಡಿದು ನಿಂತರೆ ನೋಡುವವರು ಪತಿಭಕ್ತಿ ಅಂದುಕೊಳ್ಳುತ್ತಿದ್ದರು.

ಆ ವರ್ಷ ರಾಜರ ಕಥೆ ಬಿಟ್ಟು ಮನೆಯ ಕಥೆ ಆಡಿದೆವು. ಮಂಡಳಿಯ ವಕೀಲರೊಬ್ಬರು ಬರೆದದ್ದು. ಓದು ಕಲಿತ ಹೆಂಡತಿ ಒಲೆಯ ಮೇಲೆ ಜೋಳದ ನುಚ್ಚು ಇಟ್ಟು ಪುಸ್ತಕ ಹಿಡಿಯುತ್ತಾಳೆ. ನುಚ್ಚು ಸೀಯುತ್ತದೆ. ಗಂಡ ಬಂದು ಮೂಗು ಮುಚ್ಚಿ, "ಏನಿದು ಸುಟ್ಟ ವಾಸನೆ?" ಎನ್ನುತ್ತಾನೆ, ಪುಸ್ತಕವನ್ನು ಒಲೆಗೆ ಹಾಕುತ್ತಾನೆ, ಅವಳು ಕಾಲಿಗೆ ಬೀಳುತ್ತಾಳೆ. ಮಂಗಳ. ಗಡಿಗೆಯ ಕೆಳಗೆ ದರ್ಜಿ ಹಳೆಯ ಬಟ್ಟೆಚೂರು ಇಡುತ್ತಿದ್ದುದರಿಂದ ಹೊಗೆಗೆ ಕೊರತೆಯಿರಲಿಲ್ಲ. ಜನ ಬಿದ್ದು ಬಿದ್ದು ನಕ್ಕರು. ನನಗೂ ಹಿಗ್ಗಾಯಿತು, ಸುಳ್ಳು ಯಾಕೆ ಹೇಳಲಿ. ಅಷ್ಟು ಜನ ನನ್ನನ್ನು ನೋಡಿ ನಕ್ಕಿದ್ದು ಅದೇ ಮೊದಲು. ಕಚೇರಿಯಲ್ಲಿ ನಗುತ್ತಿದ್ದವರು ನಾಲ್ಕೇ ಮಂದಿ.

ಆದರೆ ನಾಟಕ ಮುಗಿದ ಮೇಲೂ ಊರು ಅದನ್ನು ಆಡುತ್ತಲೇ ಇತ್ತು. ಹೆಣ್ಣುಮಕ್ಕಳ ಶಾಲೆಗೆ ಮಗಳನ್ನು ಕಳಿಸುವವರನ್ನು ನಿಲ್ಲಿಸಿ, "ಏನ್ರೀ, ಇವತ್ತ ನಿಮ್ಮನ್ಯಾಗ ಸೀದದ್ದೋ ಹಸೀದೋ?" ಎಂದು ಕೇಳುವುದು ವಾಡಿಕೆಯಾಯಿತು. ಕೆಲವು ಹುಡುಗಿಯರು ಶಾಲೆಗೆ ಬರುವುದು ನಿಂತಿತು. ಅತ್ತ ಬಾವಿಕಟ್ಟೆಯಲ್ಲಿ ನಮ್ಮ ಓಣಿಯ ಒಬ್ಬ ಅಜ್ಜಿ ಕೊಡ ಇಳಿಸಿ, "ನಾ ಒಂದಕ್ಷರ ಕಲ್ತಾಕಿ ಅಲ್ಲ. ನಿನ್ನಿ ನಂದೂ ಸೀದೈತಿ. ಅದಕ್ಕ ನಾಟಕ ಯಾರ ಬರದಾರ?" ಎಂದಳಂತೆ. ನನ್ನ ಹೆಂಡತಿ ಇದನ್ನು ನನಗೆ ವರದಿ ಮಾಡಿ, ತಾನು ಏನೂ ಸೇರಿಸಲಿಲ್ಲ. ಅವಳು ಏನೂ ಸೇರಿಸದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ.

ಆ ಶಾಲೆಗೆ ಹೋಗುವವರಲ್ಲಿ ನನ್ನ ಮಗಳೂ ಒಬ್ಬಳು. ಒಂಬತ್ತು ವರ್ಷ.

ಸಿರುಗುಪ್ಪದಲ್ಲಿ ಆಡಿದಾಗ ಕುರುಗೋಡಿನ ಬಂಡಿಯವನೊಬ್ಬ ಜನರ ನಡುವೆ ಕೂತಿದ್ದ. ನಾನು ಬಳ್ಳಾರಿಗೆ ಮರಳಿದ ವಾರಕ್ಕೆ ಅವನೇ ಅಪ್ಪನ ಮಾತು ಹೊತ್ತು ತಂದು ಹೊಸಿಲ ಹೊರಗೆ ನಿಂತು ಒಪ್ಪಿಸಿದ: "ಗೌಡ್ರು ಹೇಳ್ಯಾರ್ರಿ. ಓದಿದ ಹೆಣ್ಣು ಏನಾಗತಾಳ ಅಂತ ನೀವ ಊರೂರು ತೋರ್ಸಾಕತ್ತೀರಂತ. ತೋರ್ಸಾವ್ರೇ ನಂಬಲಿಲ್ಲಂದ್ರ ಹೆಂಗ? ಎರಡು ಸಂತಿ ಬಿಟ್ಟು ಮೂರನೇ ಸಂತಿ ದಿನ ಕುರುಗೋಡಿಗೆ ನಾಟಕ ತರ್ರಿ, ತಾವೂ ನೋಡ್ತಾರಂತ. ಬರುವಾಗ ಮಮ್ಮಗಳ ಗಂಟು ಕಟ್ಕೊಂಡು ಬರ್ರಿ. ಇನ್ನ ಆಕಿ ಅಲ್ಲೇ ಇರ್ಲಿ, ಮನಿಗೆಲಸ ಕಲೀಲಿ ಅಂದಾರ."

ಅಪ್ಪನಿಗೆ ಎದುರು ಹೇಳುವ ಅಭ್ಯಾಸ ನನಗಿಲ್ಲ. ಮನಸ್ಸಿನಲ್ಲೇ ಹತ್ತು ಸಲ ಎದುರು ಹೇಳಿದೆ, ಹತ್ತು ಸಲವೂ ಸೋತೆ. ಅವರ ಸಾಕ್ಷಿ ನಾನೇ ಆಗಿದ್ದೆನಲ್ಲ.

ಹೆಂಡತಿ ಆ ಸಂಜೆ ಒಲೆಯ ಮುಂದೆ ನನ್ನನ್ನು ಕೂಡಿಸಿದಳು.

"ನಿಮ್ಮ ನಾಟಕದಾಗಿನಾಕಿ ಓದಿದ್ದಕ್ಕ ನುಚ್ಚು ಸೀದಿಲ್ಲ" ಅಂದಳು. "ಆಕಿಗೆ ನುಚ್ಚು ಮಾಡಾಕ ಬರೂದಿಲ್ಲ. ಒಲಿಗೆ ಬೆನ್ನು ಕೊಟ್ಟು ಕುಂದರತಾಳ, ಉರಿ ಇಳಸೂದಿಲ್ಲ. ಯಾಕಂದ್ರ ನಿಮಗ ಬರೂದಿಲ್ಲ."

"ನಾಟಕ ಹಂಗ ಬರದಾರ" ಅಂದೆ.

"ವಕೀಲ್ರಿಗೂ ಬರೂದಿಲ್ಲ" ಅಂದಳು.

ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಮಗಳ ಪುಸ್ತಕವೇ ಗಡಿಯಾರವಾಗಿತ್ತು, ಇದು ನನಗೆ ಗೊತ್ತಾದದ್ದು ಆವತ್ತು. ಮಗಳು ಒಲೆಯ ಪಕ್ಕ ಕೂತು ಗಟ್ಟಿಯಾಗಿ ಓದುತ್ತಾಳೆ. ಎಸರು ಕುದಿಯುವಾಗ ಮೊದಲ ಪಾಠ. ನುಚ್ಚು ಹಾಕಿ ಕೈಯಾಡಿಸುತ್ತಾ ಎರಡನೆಯದು. ಅದು ಮುಗಿದಾಗ ಉರಿ ಎಳೆದು, ಮುಚ್ಚಳ ಹಾಕಿ, ಕೆಂಡದ ಮೇಲೆ ಬಿಡುವುದು. ಅವಳು ಶಾಲೆಗೆ ಹೋಗತೊಡಗಿದ ಮೇಲೆ ನಮ್ಮಲ್ಲಿ ಒಂದು ದಿನವೂ ತಳ ಹಿಡಿದಿರಲಿಲ್ಲ, ತಿನ್ನುತ್ತಿದ್ದ ನಾನು ಗಮನಿಸಿರಲೂ ಇಲ್ಲ. ಸಂತೆಗೆ ಇನ್ನೂ ಹದಿನೈದು ದಿನವಿತ್ತು. ಎಡಮೊಣಕಾಲ ಮೇಲೆ ಪುಸ್ತಕ, ಬಲಗೈಯಲ್ಲಿ ಮರದ ಹುಟ್ಟು, ಪಕ್ಕದಲ್ಲಿ ಬಾಯಿಪಾಠ ಹೇಳುವ ಮಗಳು, ಹೀಗೆ ಹೆಂಡತಿ ದಿನವೂ ನನ್ನಿಂದ ನುಚ್ಚು ಮಾಡಿಸಿದಳು. ಮೊದಲ ಮೂರು ದಿನ ಸೀದದ್ದನ್ನೇ ಉಂಡೆವು. ಮಗಳು, "ಅಪ್ಪಾ, ನಿನ್ನ ಸಾಲಿಗೆ ಯಾರ ಕಳಿಸಿದ್ರು?" ಎಂದು ಕೇಳಿದಳು.

ಕುರುಗೋಡಿನಲ್ಲಿ ಹಗಲಲ್ಲೇ ಆಟ. ಸಂತೆಗೆ ಬಂದ ಹೆಂಗಸರು ಹೊತ್ತು ಮುಳುಗುವ ಮೊದಲು ಮನೆ ಸೇರಬೇಕಲ್ಲ. ಚಪ್ಪರದ ಒಂದು ಪಕ್ಕಕ್ಕೆ ಜಮಖಾನ ಇಳಿಬಿಟ್ಟು ಅದರ ಹಿಂದೆ ಅವರನ್ನು ಕೂಡಿಸಿದ್ದರು. ನನ್ನ ಹೆಂಡತಿಯೂ ಮಗಳೂ ಅಲ್ಲೇ. ಮಗಳ ಗಂಟನ್ನು ಬೆಳಿಗ್ಗೆಯೇ ಬಂಡಿಯಿಂದ ಇಳಿಸಿ ಅಪ್ಪನ ಮನೆಯ ಪಡಸಾಲೆಯಲ್ಲಿ ಇಟ್ಟಿದ್ದರು. ಅಪ್ಪ ಮುಂದಿನ ಸಾಲಿನಲ್ಲಿ, ಎರಡೂ ಕೈ ಕೋಲಿನ ಮೇಲೆ ಊರಿ.

ಆಟಕ್ಕೆ ಮುಂಚೆ ಹೆಂಡತಿ ದರ್ಜಿಯನ್ನು ಕರೆದು ಹೇಳಿದ್ದು ನನ್ನ ಕಿವಿಗೂ ಬಿತ್ತು. "ಅಣ್ಣಾರ, ಇಲ್ಲಿ ಮಂದಿ ಬಟ್ಟಿ ಸುಟ್ಟಿದ್ದು ಯಾವ್ದು, ನುಚ್ಚು ಸೀದಿದ್ದು ಯಾವ್ದು ಅಂತ ಗುರ್ತು ಹಿಡಿತಾರ. ಖರೇನ ನುಚ್ಚು ಇಡ್ರಿ, ಸೀದ್ರ ಅದ ಸೀಯಲಿ."

ಮುಂಜಾನೆಯಿಂದ ಏನೂ ತಿಂದಿರದ ದರ್ಜಿ ಒಪ್ಪಿಕೊಂಡ.

ನಾಟಕದಲ್ಲಿ ಬರೆದಂತೆಯೇ ಆಡಬೇಕೆಂದು ನಾನು ನಿಶ್ಚಯಿಸಿದ್ದೆ. ವಕೀಲರ ಭಯ, ಮಂಡಳಿಯ ಭಯ, ಅಪ್ಪನ ಭಯ, ಎಲ್ಲ ಸೇರಿ ಮೀಸೆಯ ಗಂಜಿ ಆಗಲೇ ಬೆವರಿಗೆ ಕರಗುತ್ತಿತ್ತು. ಒಲೆಯ ಮುಂದೆ ಕೂತೆ. ಎಸರು ಕುದಿಯಿತು. ಮೊಣಕಾಲ ಮೇಲೆ ಮಗಳ ಪುಸ್ತಕ. ತುಟಿ ಆಡಿಸುತ್ತಾ ಓದಿದಂತೆ ನಟಿಸಿದೆ. ಹದಿನೈದು ದಿನ ಕೇಳಿ ಕೇಳಿ ಆ ಎರಡು ಪಾಠಗಳ ಉದ್ದ ಮೈಗೆ ಹತ್ತಿತ್ತು. ಮೊದಲನೆಯದು ಮುಗಿಯಿತು, ಕೈ ನುಚ್ಚು ಹಾಕಿತು, ಹುಟ್ಟು ಆಡಿಸಿತು. ಎರಡನೆಯದು ಮುಗಿಯಿತು, ಕೈ ಉರಿ ಎಳೆದು ಮುಚ್ಚಳ ಹಾಕಿತು. ಬೇಕೆಂದೇ ಮಾಡಿದೆನೋ ರೂಢಿಯಿಂದ ಆಯಿತೋ, ಇವತ್ತಿಗೂ ಹೇಳಲಾರೆ. ಧೈರ್ಯ ನನ್ನದೆಂದು ಹೇಳಿಕೊಳ್ಳುವ ಆಸೆಯಂತೂ ಇದೆ.

ದರ್ಜಿ ಗಂಡನ ಠೀವಿಯಲ್ಲಿ ಬಂದ. ಮೂಗು ಮುಚ್ಚಿದ. "ಏನಿದು ಸುಟ್ಟ..." ಎಂದವನು ಅಲ್ಲೇ ನಿಂತ. ಚಪ್ಪರದ ತುಂಬ ಹದವಾಗಿ ಬೆಂದ ನುಚ್ಚಿನ ಘಮ. ಮುಚ್ಚಳ ತೆಗೆದು ನೋಡಿದ. ನನ್ನ ಮುಖ ನೋಡಿದ.

ಜಮಖಾನದ ಹಿಂದಿನಿಂದ ಯಾರೋ, "ಸೀದಿಲ್ಲಪಾ, ಕುಂತು ಉಣ್ಣು" ಅಂದರು. ಹೆಂಗಸರ ಕಡೆ ನಗು ಎದ್ದಿತು.

ಅವನು ಕುಂತ. ಉಂಡ. ನಟನೆಯಲ್ಲ, ಹಸಿವು. ಇನ್ನೊಂದು ಸಲ ಹಾಕಿಸಿಕೊಂಡ. ಪುಸ್ತಕವನ್ನು ಒಲೆಗೆ ಹಾಕಲು ಈಗ ಕಾರಣವೇ ಉಳಿದಿರಲಿಲ್ಲ. ಬೇರೆ ಮಾತು ತೋಚದೆ ಅವನು ಬಾಯಿ ಒರೆಸಿಕೊಂಡು, "ಏನ ಓದಾಕತ್ತಿದ್ದಿ? ಜರಾ ಗಟ್ಟಿಯಾಗಿ ಓದು, ನಾನೂ ಕೇಳ್ತೀನಿ" ಎಂದ.

ಪುಸ್ತಕ ತೆರೆದೆ. ಚಾಳೀಸು ಪೆಟ್ಟಿಗೆಯಲ್ಲಿತ್ತು. ಇಪ್ಪತ್ತರ ಹೆಂಡತಿಗೆ ಚಾಳೀಸು ಎಲ್ಲಿಯದು? ಅಕ್ಷರಗಳು ಇರುವೆಗಳಂತೆ ಕಂಡವು. ದಿನವೂ ಕೇಳಿದ ಪಾಠ, ಆದರೆ ಗಾಬರಿಗೆ ಮೊದಲ ಪದವೇ ಹಾರಿಹೋಗಿತ್ತು. ತುಟಿ ಆಡಿಸಿದೆ, ಗಂಜಿ ಬಿರಿಯಿತು, ಮೀಸೆಯ ಎಡ ತುದಿ ಎದ್ದು ನಿಂತಿತು. ಗಂಡಸರ ಕಡೆ ಕೇಕೆ ಶುರುವಾಯಿತು.

ಆಗ ಜಮಖಾನದ ಹಿಂದಿನಿಂದ ಒಂದು ಸಣ್ಣ ದನಿ ಪಾಠವನ್ನು ಮೊದಲಿನಿಂದ ಹೇಳತೊಡಗಿತು. ಮಾವಿನ ಮರ, ಅದರ ಮೇಲಿನ ಗಿಳಿ, ಗಿಳಿಗೆ ನೀರಿಟ್ಟ ಮುದುಕಿ. ತಡವರಿಸಲಿಲ್ಲ, ಅವಸರ ಮಾಡಲಿಲ್ಲ, ಒಲೆಯ ಪಕ್ಕ ಓದುವ ಲಯದಲ್ಲೇ ಹೇಳಿತು. ನಾನು ಸುಮ್ಮನೆ ಹಾಳೆ ತಿರುವಿದೆ. ಕೇಕೆ ನಿಂತಿತು. ಪಾಠ ಮುಗಿದಲ್ಲಿಗೇ ನಾಟಕವೂ ಮುಗಿಯಿತು. ವಕೀಲರು ಆಮೇಲೆ ನನ್ನೊಡನೆ ಒಂದು ತಿಂಗಳು ಮಾತು ಬಿಟ್ಟರು.

ಮುಖ ತೊಳೆದು ಮನೆಗೆ ಹೋದಾಗ ಅಪ್ಪ ಪಡಸಾಲೆಯಲ್ಲಿ ಕೂತಿದ್ದರು, ಪಕ್ಕದಲ್ಲಿ ಮಗಳ ಗಂಟು. ಬಳ್ಳಾರಿಗೆ ಮರಳಲು ನಮ್ಮ ಬಂಡಿ ಕಟ್ಟಿ ನಿಂತಿತ್ತು. ನಾನು ಮಾತು ಹುಡುಕುತ್ತಿದ್ದೆ, ಅಷ್ಟರಲ್ಲಿ ಅವರೇ ಮೊಮ್ಮಗಳನ್ನು ಕರೆದರು. ಪಾಠ ಎಣಿಸಿ ನುಚ್ಚು ಬೇಯಿಸುವ ಸಂಗತಿಯನ್ನು ಅವಳು ದಾರಿಯಲ್ಲೇ ತಾತನಿಗೆ ಹೇಳಿಬಿಟ್ಟಿದ್ದಳಂತೆ.

"ನುಚ್ಚಿಗೆ ಎಷ್ಟು ಪಾಠವ್ವ?"

"ಎರಡು, ತಾತ."

"ಬ್ಯಾಳಿಗೆ?"

ಅವಳಿಗೆ ತಿಳಿಯಲಿಲ್ಲ. ಬಾಗಿಲ ಹಿಂದೆ ಸೆರಗು ಎಳೆದುಕೊಂಡು ನಿಂತಿದ್ದ ನನ್ನ ಹೆಂಡತಿ ಮಾವನ ಎದುರು ಎಂದೂ ಮಾತಾಡಿದವಳಲ್ಲ. "ಐದು ಅನ್ನು" ಎಂದು ಮಗಳಿಗೆ ಪಿಸುಗುಟ್ಟಿದಳು.

"ಐದಂತ, ತಾತ. ಅಷ್ಟು ಪಾಠ ಬಾಯಿಗೆ ಬರೂದಿಲ್ಲ ನನಗ."

ಅಪ್ಪ ಕೋಲು ಊರಿ ಎದ್ದರು. ಗಂಟನ್ನು ಎತ್ತಿಕೊಂಡರು. ನಾನು ಕೈಚಾಚಿದರೆ ಕೊಡಲಿಲ್ಲ, ತಾವೇ ಒಯ್ದು ಬಂಡಿಯಲ್ಲಿಟ್ಟರು.

"ಐದೂ ಪಾಠ ಕಲ್ತ ಬರ್ಲಿ" ಅಂದರು. "ಹಸೀ ಬ್ಯಾಳಿ ಅಗಿಯಾಕ ನನಗ ಹಲ್ಲಿಲ್ಲ." ಮತ್ತೆ ನನ್ನತ್ತ ತಿರುಗಿ, "ನೀ ಆ ಗಂಜಿ ಪೂರ್ತಿ ತೊಳಕೋಲೇ. ನಾ ಇನ್ನೂ ಅದೀನಿ, ಮೀಸಿ ಕಾಣ್ಲಿ."