ಚಂದ್ರಮೌಳಿಯ ಮಡಚುವ ಚಾಕು

ಡಾಲರ್ ನಾಡಿನ ಪ್ಲೇನ್‌ಫೀಲ್ಡಿನಲ್ಲಿರುವ ನಮ್ಮ ಚಂದ್ರಮೌಳಿ ದಿನಬಳಕೆಯ ಒಂದು ಮಡಚುವ ಚಾಕು ಕೊಳ್ಳಲು ಎಂಟು ತಿಂಗಳು ತೆಗೆದುಕೊಂಡ ಮಹಾನುಭಾವ. ಹೆಣ್ಣು ನೋಡಿ ಒಪ್ಪಿದ್ದು ಒಂದೇ ಸಂಜೆಯಲ್ಲಿ. ಚಾಕುವಿಗೆ ಮಾತ್ರ ಉಕ್ಕಿನ ಗೋತ್ರ, ಹಿಡಿಯ ನಕ್ಷತ್ರ ಎಲ್ಲವೂ ಕೂಡಿಬರಬೇಕಿತ್ತು. "ಮೂವತ್ತು ಡಾಲರ್ ಒಳಗಿರ್ಬೇಕು, ಆದ್ರೆ ಮೊಮ್ಮಕ್ಕಳ ಕಾಲಕ್ಕೂ ಬಾಳಿಕೆ ಬರ್ಬೇಕು ನೋಡಿ" ಎಂದು ಸಿಕ್ಕಸಿಕ್ಕವರ ತಲೆ ತಿಂದ. ಕೊಂಡದ್ದೇನೋ ಆಯಿತು, ಅಲಗು ಮೊಂಡಾದೀತೆಂದು ಪಾರ್ಸೆಲ್ಲುಗಳನ್ನು ಈಗಲೂ ಕಾರಿನ ಕೀಯಿಂದಲೇ ಸೀಳುತ್ತಾನೆ. ಆಯುಧಪೂಜೆಯ ದಿನ ಅದಕ್ಕೆ ಕುಂಕುಮವಿಟ್ಟು, ನಿಂಬೆಹಣ್ಣನ್ನು ಮಾತ್ರ ಹೆಂಡತಿ ವಸುಧಾಳ ತರಕಾರಿ ಚಾಕುವಿನಿಂದ ಕತ್ತರಿಸುತ್ತಾನೆ. "ಲೈಫ್‌ಟೈಮ್ ವಾರಂಟಿ ಕಣೇ ಇದಕ್ಕೆ!" ಎಂದು ಈ ಸಲವೂ ಬೀಗಿದ. "ನಮ್ ವೀಸಾಗೆ ಎಲ್ಲೀವರೆಗಿದೆ ರೀ?" ಎಂದಳು ವಸುಧಾ. ಅವನು ಚಾಕುವನ್ನು ಮೆಲ್ಲಗೆ ಮಡಚಿದ. "ಮಾರ್ಚ್‌ವರೆಗೆ."